ಲ್ಯಾಕ್ಟ್‌ಮೆಡ್: ಹಾಲುಣಿಸುವ ಅಮ್ಮಂದಿರಿಗೆ ಒಳ್ಳೆಯದೇ, ಆದರೆ ಮೊದಲು ತೆರೆಯಬೇಕಾದವರು ಡಾಕ್ಟರು

ಮಗುವಿಗೆ ಎದೆಹಾಲು ಕೊಡುವಾಗ ಯಾವ ಮಾತ್ರೆ ನುಂಗಬಹುದು, ಯಾವುದು ಬೇಡ ಅಂತ ನೋಡಲು ಲ್ಯಾಕ್ಟ್‌ಮೆಡ್‌ಗಿಂತ ಒಳ್ಳೆಯ ಪುಕ್ಕಟೆ ವೆಬ್‌ಸೈಟ್ ನನಗಂತೂ ಸಿಕ್ಕಿಲ್ಲ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ಇದನ್ನು 2006ರಲ್ಲಿ ಶುರು ಮಾಡಿತು. ಲಾಗಿನ್ ಬೇಡ, ದುಡ್ಡು ಬೇಡ, ನಡುವೆ ಜಾಹೀರಾತಿನ ಕಾಟವೂ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ನಾನು ಇದನ್ನು ಹುಡುಕಿಕೊಂಡು ಹೋಗುವ ಅವಶ್ಯಕತೆಯೇ ಇರಬಾರದಿತ್ತು. ಬಾಣಂತನದಲ್ಲಿ ಜೋರು ಶೀತ ಆಗಿತ್ತು. ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ, ಹೆಸರು ಬೇಡ. ಮಗು ನನ್ನ ತೊಡೆ ಮೇಲೇ ಇತ್ತು. ಡಾಕ್ಟರು ಗಂಟಲು ನೋಡಿದರು, ಚೀಟಿ ಬರೆದರು, ಬೆಲ್ ಒತ್ತಿ ಮುಂದಿನವರನ್ನು ಕರೆದರು. "ಹಾಲು ಕುಡಿಸ್ತಾ ಇದ್ದೀರಾ ಅಮ್ಮಾ?" ಅಂತ ಒಂದು ಮಾತು ಕೇಳಲಿಲ್ಲ.

ಮಾತ್ರೆ ಶುರುವಾದ ಮೇಲೆ ಮಗು ವಿಪರೀತ ನಿದ್ದೆ ಮಾಡತೊಡಗಿತು. ಎದೆಗೆ ಹಾಕಿದರೆ ಸ್ವಲ್ಪ ಚೀಪುವುದು, ಹಾಗೇ ತೂಕಡಿಸುವುದು. ಪಾದಕ್ಕೆ ಕಚಗುಳಿ ಇಟ್ಟರೂ ಕಣ್ಣು ಬಿಡುತ್ತಿರಲಿಲ್ಲ. ಎದೆಯೂ ಮೊದಲಿನ ಹಾಗೆ ತುಂಬುತ್ತಿರಲಿಲ್ಲ. ಅಮ್ಮ "ಬಾಣಂತಿಗೆ ಶೀತ ಆದ್ರೆ ಹಾಲು ಕಡಿಮೆ ಆಗುತ್ತೆ ಕಣೇ, ಕಿವಿಗೆ ಹತ್ತಿ ಇಟ್ಕೋ" ಅಂದರು. ನನಗೆ ಅನುಮಾನ ಬಂದಿದ್ದು ಮಾತ್ರೆ ಮೇಲೆ.

ಸರಿ, ಯಾವ ಮಾತ್ರೆ ಅಂತ ನೋಡೋಣ ಅಂದರೆ ಕೈಯಲ್ಲಿ ಇರುವುದು ಮೆಡಿಕಲ್ ಶಾಪ್‌ನವರು ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ತುಂಡು ಸ್ಟ್ರಿಪ್. ಹೆಸರು, ಎಚ್ಚರಿಕೆ ಎಲ್ಲ ಅಂಗಡಿಯಲ್ಲೇ ಉಳಿದ ಅರ್ಧದಲ್ಲಿ. ನನ್ನ ತುಂಡಿನಲ್ಲಿ ಬೆಳ್ಳಿ ಹಾಳೆಯ ಮೇಲೆ ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ "ಫೆನಿರಮಿನ್ ಮೆಲಿಯೇಟ್" ಅನ್ನುವ ಬಾಲ ಮಾತ್ರ ಇತ್ತು. ಅಂಗಡಿ ಹುಡುಗನಿಗೆ ಫೋನ್ ಮಾಡಿ ಪೂರ್ತಿ ಸ್ಟ್ರಿಪ್‌ನ ಫೋಟೋ ತರಿಸಿಕೊಂಡೆ. ಪ್ಯಾರಾಸಿಟಮಾಲ್, ಮೂಗು ಬಿಡಿಸುವ ಫಿನೈಲೆಫ್ರಿನ್, ನಿದ್ದೆ ಬರಿಸುವ ಅಲರ್ಜಿ ಔಷಧಿ ಕ್ಲೋರ್‌ಫೆನಿರಮಿನ್, ಮೂರೂ ಸೇರಿದ ಮಾಮೂಲಿ ಶೀತದ ಮಾತ್ರೆ.

ಲ್ಯಾಕ್ಟ್‌ಮೆಡ್‌ನಲ್ಲಿ ಒಂದೊಂದೇ ಹೆಸರು ಹಾಕಿ ನೋಡಿದೆ. ಪ್ಯಾರಾಸಿಟಮಾಲ್ ತೊಂದರೆ ಇಲ್ಲ (ಅಲ್ಲಿ ಅದನ್ನು ಅಸೆಟಮಿನೋಫೆನ್ ಅಂತ ಹುಡುಕಬೇಕು). ಕ್ಲೋರ್‌ಫೆನಿರಮಿನ್ ಬಗ್ಗೆ ಇರುವುದು ಇಷ್ಟು: ಅಪರೂಪಕ್ಕೆ ಸಣ್ಣ ಡೋಸ್ ತಗೊಂಡರೆ ಮಗುವಿಗೆ ಏನೂ ಆಗುವ ನಿರೀಕ್ಷೆ ಇಲ್ಲ. ಆದರೆ ಜಾಸ್ತಿ ಡೋಸ್ ಅಥವಾ ತುಂಬಾ ದಿನ ತಗೊಂಡರೆ ಮಗುವಿಗೆ ಮಂಪರು ಬರಬಹುದು, ಹಾಲೂ ಕಡಿಮೆ ಆಗಬಹುದು, ಅದರಲ್ಲೂ ಮೂಗು ಬಿಡಿಸುವ ಔಷಧಿ ಜೊತೆಗೆ ಸೇರಿದ್ದರೆ, ಇಲ್ಲವೇ ಹಾಲು ಇನ್ನೂ ಸರಿಯಾಗಿ ಕೂತಿಲ್ಲದ ಶುರುವಿನ ದಿನಗಳಲ್ಲಿ. ಬದಲಿಗೆ ನಿದ್ದೆ ಬರಿಸದ ಅಲರ್ಜಿ ಮಾತ್ರೆ ಒಳ್ಳೆಯದು ಅಂತಲೂ ಇದೆ. ಮೂಗು ಬಿಡಿಸುವ ಇನ್ನೊಂದು ಔಷಧಿ ಸೂಡೋಎಫೆಡ್ರಿನ್ ಪುಟದಲ್ಲಿ, 60 ಮಿಲಿಗ್ರಾಂನ ಒಂದೇ ಡೋಸ್‌ಗೆ ದಿನದ ಹಾಲು ಸರಾಸರಿ 24% ಇಳಿದ ಸಣ್ಣ ಅಧ್ಯಯನದ ವಿವರ ಸಿಗುತ್ತದೆ.

ನಮ್ಮ ಮಗುವಿಗೆ ಆಗಿದ್ದು ಮಾತ್ರೆಯಿಂದಲೇ ಅಂತ ನಾನು ಸಾಧಿಸಲು ಹೋಗುವುದಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋದೆವು, ಅವರು ತೂಕ ನೋಡಿದರು, ಆ ಮಾತ್ರೆ ನಿಲ್ಲಿಸಿ, ಪ್ಯಾರಾಸಿಟಮಾಲ್, ಮೂಗಿಗೆ ಸಲೈನ್ ಹನಿ, ಬಿಸಿನೀರಿನ ಹಬೆ ಸಾಕು ಅಂದರು. ಮೊದಲ ಕ್ಲಿನಿಕ್‌ನಲ್ಲಿ ಕೇಳಿದಾಗ ಬಂದ ಉತ್ತರ "ಅದು ಎಲ್ಲರಿಗೂ ಕೊಡೋ ಮಾತ್ರೆ, ಸುಮ್ನೆ ಗೂಗಲ್ ನೋಡ್ಬೇಡಿ". ಗೂಗಲ್ ಅಲ್ಲ ಸರ್, ಡಾಕ್ಟರುಗಳಿಗಾಗಿಯೇ ಬರೆದಿಟ್ಟ ಮಾಹಿತಿ ಅದು.

ಪುಟದ ಜೋಡಣೆ ನನಗೆ ಹಿಡಿಸಿತು. ಮೊದಲು ಸಾರಾಂಶ, ಆಮೇಲೆ ತಾಯಿಯ ಹಾಲಿನಲ್ಲಿ ಔಷಧಿ ಎಷ್ಟು ಸಿಕ್ಕಿದೆ, ಹಾಲು ಕುಡಿದ ಮಕ್ಕಳಿಗೆ ಏನಾಗಿದೆ, ಹಾಲಿನ ಪ್ರಮಾಣದ ಮೇಲೆ ಪರಿಣಾಮ ಏನು, ಬದಲಿ ಔಷಧಿ ಯಾವುದು. ಸಾರಾಂಶ ಓದಿದರೆ ಮುಕ್ಕಾಲು ಕೆಲಸ ಆಗುತ್ತದೆ. ಸುಮ್ಮನೆ ಹೆದರಿಸುವುದೂ ಇಲ್ಲ. ನನ್ನ ಗೆಳತಿಗೆ ಅಮಾಕ್ಸಿಸಿಲಿನ್ ಕೊಟ್ಟು "ಕೋರ್ಸ್ ಮುಗಿಯೋವರೆಗೂ ಎದೆಹಾಲು ನಿಲ್ಲಿಸಿ" ಅಂದಿದ್ದರಂತೆ. ನಿಲ್ಲಿಸುವ ಅಗತ್ಯವಿಲ್ಲ, ಮಗುವಿಗೆ ಭೇದಿ ಅಥವಾ ಬಾಯಲ್ಲಿ ಬಿಳಿ ಅಗ್ರ ಬರುತ್ತದಾ ಅಂತ ಗಮನಿಸಿದರೆ ಆಯಿತು ಅನ್ನುವುದು ಇಲ್ಲಿದೆ. ನೋವಿಗೆ ಐಬುಪ್ರೊಫೆನ್, ಹೆರಿಗೆಯ ನಂತರದ ಖಿನ್ನತೆಗೆ ಸೆರ್ಟ್ರಲಿನ್, ಇವೂ ಹಾಲುಣಿಸುವಾಗ ಕೊಡಬಹುದಾದವೇ. ನಿಜವಾಗಿ ಹೆದರಬೇಕಾದ ಕಡೆ ಮಾತ್ರ ಗಟ್ಟಿಯಾಗಿ ಹೇಳುತ್ತದೆ. ನೋವಿಗೆ, ಕೆಮ್ಮಿಗೆ ಕೊಡುವ ಕೋಡಿನ್ ನೋಡಿ, ಅದು ದೇಹದಲ್ಲಿ ಮಾರ್ಫಿನ್ ಆಗುತ್ತದೆ. ಕೆಲವರಲ್ಲಿ ಈ ಕೆಲಸ ತೀರಾ ವೇಗವಾಗಿ ನಡೆದು ಹಾಲಿನ ಮೂಲಕ ಮಗುವಿನ ಉಸಿರಾಟಕ್ಕೇ ತೊಂದರೆ ಆಗಬಹುದು. ಹಾಲುಣಿಸುವವರಿಗೆ ಕೋಡಿನ್, ಇನ್ನೊಂದು ನೋವಿನ ಮಾತ್ರೆ ಟ್ರಾಮಡಾಲ್ ಎರಡೂ ಬೇಡ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಬಾಣಂತಿ ಅಡುಗೆ ಸಾಮಾನೂ ಇಲ್ಲಿದೆ, ನಂಬಿ! ಮೆಂತ್ಯ, ಶತಾವರಿ, ಬೆಳ್ಳುಳ್ಳಿಗೆಲ್ಲ ಒಂದೊಂದು ಪುಟ. ತಾಯಿ ಬೆಳ್ಳುಳ್ಳಿ ತಿಂದರೆ ಹಾಲಿಗೆ ಆ ವಾಸನೆ ಬಂದು ಮಗು ಎದೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ ಅಂತ ಪ್ರಯೋಗ ಮಾಡಿ ನೋಡಿದ್ದಾರೆ. ಅಮ್ಮನಿಗೆ ಓದಿ ಹೇಳಿದೆ, "ಇದಕ್ಕೆ ಅಮೆರಿಕದವರು ಬೇಕಿತ್ತಾ?" ಅಂದರು.

ಈಗ ಆ ಒಂದು ಸ್ಟಾರ್ ವಿಷಯ. ಪೂರ್ತಿ ಇಂಗ್ಲಿಷ್, ಅದೂ ಡಾಕ್ಟರ ಇಂಗ್ಲಿಷ್. ನಮ್ಮ ಬ್ರಾಂಡ್ ಹೆಸರು ಹಾಕಿದರೆ ಪ್ರಯೋಜನವಿಲ್ಲ, ಒಳಗಿರುವ ಔಷಧಿಯ ಹೆಸರು ಗೊತ್ತಿರಬೇಕು. ಮೂರು ನಾಲ್ಕು ಔಷಧಿ ಕಲಸಿದ ನಮ್ಮ ಮಾತ್ರೆಗಳಿಗೆ ಒಂದೊಂದನ್ನೂ ಬಿಡಿಸಿ ಹುಡುಕಬೇಕು. ಹಸಿ ಬಾಣಂತಿ ರಾತ್ರಿ ಎರಡು ಗಂಟೆಗೆ ಮಾಡುವ ಕೆಲಸವಾ ಇದು? ಇನ್ನೊಂದು ಮಾತು, ಮಗು ಎಬ್ಬಿಸಿದರೂ ಏಳುತ್ತಿಲ್ಲ, ಹಾಲು ಹಿಡಿಯುತ್ತಿಲ್ಲ, ಉಸಿರಾಟ ಸರಿ ಇಲ್ಲ ಅಂದರೆ ಇದನ್ನು ತೆರೆದು ಕೂರಬೇಡಿ, ನೇರ ಆಸ್ಪತ್ರೆಗೆ ಓಡಿ. ಎರಡು ತಿಂಗಳ ಒಳಗಿನ ಮಕ್ಕಳಿಗೆ, ಅವಧಿಗೆ ಮುಂಚೆ ಹುಟ್ಟಿದವರಿಗೆ ಅಪಾಯ ಜಾಸ್ತಿ.

ಡಾಕ್ಟರಿಗೆ ಎಲ್ಲ ಔಷಧಿಯೂ ಬಾಯಿಪಾಠ ಇರಬೇಕು ಅಂತ ನಾನು ಹೇಳುತ್ತಿಲ್ಲ. ದಿನಕ್ಕೆ ಎಷ್ಟು ಜನರನ್ನು ನೋಡುತ್ತಾರೆ ಅಂತ ಗೊತ್ತು. ಆದರೆ ಹಾಲುಣಿಸುತ್ತೀರಾ ಅಂತ ಕೇಳಿ, ಎದುರಿಗಿರುವ ಕಂಪ್ಯೂಟರ್‌ನಲ್ಲಿ ಹೆಸರು ಹಾಕಿ, "ಮಗು ಜಾಸ್ತಿ ಮಲಗಿದರೆ ನಿಲ್ಲಿಸಿ ಬನ್ನಿ" ಅನ್ನಲು ಒಂದು ನಿಮಿಷ ಸಾಕಲ್ವಾ? ಇದು ಉಪಕಾರವೂ ಅಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ಚಿಕಿತ್ಸೆಯ ಲಾಭ, ಬದಲಿ ದಾರಿ, ಗಣನೀಯ ಅಪಾಯ ರೋಗಿಗೆ ತಿಳಿಸಬೇಕು, ದೂರದ ಸಾಧ್ಯತೆಗಳನ್ನೆಲ್ಲ ಹೇಳಬೇಕಿಲ್ಲ. ಅದು ಆಪರೇಷನ್‌ಗೆ ಸಂಬಂಧಿಸಿದ ಕೇಸು, ನಿಜ. ಆದರೆ ಮಾತ್ರೆ ನುಂಗುವ ಬಾಣಂತಿಗೂ ಅದೇ ನ್ಯಾಯ ಅಲ್ವಾ? ಔಷಧಿಯ ಜೆನೆರಿಕ್ ಹೆಸರನ್ನು (ಬ್ರಾಂಡ್ ಅಲ್ಲ, ಒಳಗಿರುವ ಔಷಧಿಯ ಹೆಸರು) ಓದಲು ಆಗುವಂತೆ ಬರೆಯಬೇಕು ಅಂತ ವೈದ್ಯರ ನಡತೆಯ ನಿಯಮದಲ್ಲೇ ಇದೆ. ನನ್ನ ಚೀಟಿ ಹಾಗೆ ಇದ್ದಿದ್ದರೆ ಸ್ಟ್ರಿಪ್ ಫೋಟೋಗೆ ಅಂಗಡಿಗೆ ಫೋನ್ ಮಾಡಬೇಕಿರಲಿಲ್ಲ.

ಔಷಧಿಯಿಂದ ತೊಂದರೆ ಆಯಿತು ಅನ್ನಿಸಿದರೆ ನಾವೇ ನೇರವಾಗಿ ತಿಳಿಸಲು ಸರ್ಕಾರದ ಫಾರ್ಮಕೋವಿಜಿಲೆನ್ಸ್ ಸಹಾಯವಾಣಿ ಇದೆ, 1800-180-3024, ಟೋಲ್ ಫ್ರೀ. ಮಾತ್ರೆಯಿಂದಲೇ ಅಂತ ಸಾಬೀತು ಮಾಡಬೇಕಿಲ್ಲ, ಅನುಮಾನ ಇದ್ದರೂ ಸಾಕು. ಫೋನ್ ಮಾಡುವ ಮುಂಚೆ ಸ್ಟ್ರಿಪ್ ಮೇಲಿನ ಬ್ಯಾಚ್ ನಂಬರ್ ಹುಡುಕಿ ಇಟ್ಟುಕೊಳ್ಳಿ.