ನಿಂತ ಇಂಜಿನ್ನೋ, ಹೊಗೆ ಬಿಡೋ ಇಂಜಿನ್ನೋ?

ನಮ್ಮ ಫೋಟೋ ಕ್ಲಬ್ಬಿನಲ್ಲಿ ಅದೇ ಜಗಳ: ಉಗಿ ಇಂಜಿನ್ ಫೋಟೋ ತೆಗೆಯೋಕೆ ಹುಬ್ಬಳ್ಳಿ ರೈಲ್ ಮ್ಯೂಸಿಯಮ್ಮೋ, ನೀಲಗಿರಿ ಬೆಟ್ಟದ ರೈಲೋ?

ಹುಬ್ಬಳ್ಳಿಯದು 2020ರಲ್ಲಿ ಶುರುವಾದದ್ದು, ಗದಗ ರಸ್ತೆಯಲ್ಲೇ ಇದೆ. ಧಾರವಾಡದಿಂದ ಬಸ್ ಹತ್ತಿದರೆ ರಾತ್ರಿ ಊಟಕ್ಕೆ ಮನೆಗೆ ವಾಪಸ್. ಇಂಜಿನ್ ಅಲುಗಾಡುವುದಿಲ್ಲ. ರಿವೆಟ್ಟು, ಚಕ್ರದ ಕಡ್ಡಿ, ಬಣ್ಣದ ಚಕ್ಕೆ ಎಲ್ಲದರ ಫೋಟೋ ಆರಾಮಾಗಿ ತೆಗೆಯಬಹುದು. ಒಂದು ಮಾತು: ಕಪ್ಪು ಇಂಜಿನ್ ಫ್ರೇಮ್ ತುಂಬಿದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾ ತಗೊಳ್ಳೋ ಬೆಳಕನ್ನು ಅರ್ಧಕ್ಕೆ ಇಳಿಸಿ.

ಆದರೆ ಹೊಗೆ ಇಲ್ಲ, ಅಲ್ವಾ? ಅದಕ್ಕೆ ನೀಲಗಿರಿ ರೈಲು ಹೊರಡೋ ಮೆಟ್ಟುಪಾಳ್ಯಂಗೇ ಹೋಗಬೇಕು. ಕೂನೂರಿನವರೆಗೆ ಉಗಿ ಇಂಜಿನ್ ಹಿಂದಿನಿಂದ ದೂಡುತ್ತಾ ಹತ್ತುತ್ತದೆ. ನಾನು ಗೊತ್ತಿಲ್ಲದೆ ಮುಂದಿನ ಬೋಗಿಯಲ್ಲಿ ಕೂತಿದ್ದೆ. ನಾಲ್ಕು ತಿರುವಿನಲ್ಲಿ ಕತ್ತು ಹೊರಳಿಸಿ ಸಿಕ್ಕಿದ್ದು ಬರೀ ಹೊಗೆ, ಮಸಿ ಬಿದ್ದ ಲೆನ್ಸು. ರಜೆ, ಖರ್ಚು ಎರಡೂ ಜಾಸ್ತಿ.

ಹೊಸಬರಿಗೆ ಹುಬ್ಬಳ್ಳಿಯೇ ಸರಿ. ನನ್ನ ಓಟು ಮಾತ್ರ ಮೆಟ್ಟುಪಾಳ್ಯಂಗೆ, ಈ ಸಲ ಹಿಂದಿನ ಬೋಗಿ.