‘ಬಣ್ಣ ಬಿಟ್ರೇನೇ ಒರಿಜಿನಲ್ ಅಕ್ಕಾ’: ಬ್ಲಾಕ್ ಪ್ರಿಂಟ್ ಬಟ್ಟೆ ತರಿಸುವವರು ಇದನ್ನೊಮ್ಮೆ ಓದಿ

‘ಬಗ್ರು ಹ್ಯಾಂಡ್ ಬ್ಲಾಕ್, ಪ್ಯೂರ್ ನ್ಯಾಚುರಲ್ ಡೈ, ಮೀಟರ್‌ಗೆ ಬರೀ 165’ ಅಂತ (ಬಗ್ರು ಅಂದರೆ ಕೈಯಿಂದ ಮರದ ಅಚ್ಚು ಒತ್ತಿದ ಬಟ್ಟೆಗೆ ಹೆಸರಾದ ರಾಜಸ್ಥಾನದ ಊರು) ಯಾರಾದರೂ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ದಯವಿಟ್ಟು ಒಂದು ನಿಮಿಷ ನಿಲ್ಲಿ. ನಾನು ನಿಲ್ಲಲಿಲ್ಲ. ದುಡ್ಡು ಹೋಯಿತು, ಅದು ಹೋಗಲಿ. ನೆಂಟರ ಮನೆಯಲ್ಲಿ ತಲೆ ಎತ್ತದ ಹಾಗಾಯಿತು. ಮೂರು ವಾರ ಆದರೂ ಹೊಟ್ಟೆಯುರಿ ಆರಿಲ್ಲ.

ನಾನು ಮೈಸೂರಿನವಳು. ಒಂಬತ್ತು ವರ್ಷದಿಂದ ಮನೆಯಲ್ಲೇ ಬಟ್ಟೆಯ ಚೀಲ, ಕನ್ನಡಕದ ಪೌಚು, ಟೇಬಲ್ ರನ್ನರ್, ದಸರಾ ಬಂದರೆ ಗೊಂಬೆ ಕೂರಿಸುವ ಮೆಟ್ಟಿಲಿಗೆ ಹಾಸುವ ಬಟ್ಟೆ, ಇಂಥದ್ದು ಹೊಲಿಯುತ್ತೇನೆ. ಬಿಡುವಿದ್ದರೆ ಬಿಳಿ ಕಾಟನ್ ಮೇಲೆ ನಾನೇ ಮರದ ಅಚ್ಚು ಒತ್ತುತ್ತೇನೆ. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಅಮ್ಮನ ಹಳೇ ಹೊಲಿಗೆ ಮಿಷನ್ನು, ಊಟದ ಟೇಬಲ್ಲು, ಅಷ್ಟೇ. ಗೊತ್ತಿದ್ದವರು ಕೇಳುತ್ತಾರೆ, ಮಾಡಿಕೊಡುತ್ತೇನೆ. ಬಟ್ಟೆಯ ಖರ್ಚು ಕಳೆದು ಕೈಗೆ ನಾಲ್ಕು ಕಾಸು ಉಳಿದರೆ ಖುಷಿ.

ಶ್ರಾವಣದಲ್ಲಿ ನನ್ನ ಚಿಕ್ಕಮ್ಮನ ಮಗಳ ಗೃಹಪ್ರವೇಶ ಇತ್ತು, ತುಮಕೂರಿನಲ್ಲಿ. ‘ಅಕ್ಕಾ, ಪ್ಲಾಸ್ಟಿಕ್ ಕವರ್ ಬೇಡ. ನೀನೇ 120 ತಾಂಬೂಲದ ಚೀಲ ಮಾಡ್ಕೊಡು. ಹ್ಯಾಂಡ್ ಪ್ರಿಂಟ್ ಬಟ್ಟೇಲೇ ಬೇಕು’ ಅಂದಳು. ಚೀಲಕ್ಕೆ 90 ರೂಪಾಯಿ ಅಂತ ಮಾತಾಯಿತು. 5000 ಮುಂಗಡ ಕಳಿಸಿಯೂ ಬಿಟ್ಟಳು. ನಾನು ಇಷ್ಟು ದೊಡ್ಡ ಆರ್ಡರ್ ಹಿಡಿದಿದ್ದು ಅದೇ ಮೊದಲು. ಲೆಕ್ಕ ಹಾಕಿದೆ. 44 ಇಂಚು ಅಗಲದ ಬಟ್ಟೆ, ಚೀಲಕ್ಕೆ 11 ಇಂಚು ಅಗಲ, 26 ಇಂಚು ಉದ್ದ. ಒಂದು ಸಾಲಿಗೆ ನಾಲ್ಕು ಚೀಲ, ಮೂವತ್ತು ಸಾಲು. ಹತ್ತಿರ ಹತ್ತಿರ 20 ಮೀಟರ್. ಕೈಯಲ್ಲಿರಲಿ ಅಂತ 22 ಮೀಟರ್.

ಆಗ ಸಿಕ್ಕವರೇ ಇವರು. ಬೆಂಗಳೂರಿನಲ್ಲಿ ಕೂತು ರಾಜಸ್ಥಾನದ ಬಟ್ಟೆ ತರಿಸಿ ಮಾರುತ್ತೇವೆ ಅಂತ ಹೇಳಿಕೊಳ್ಳುವವರು. ಹೆಸರು ಬರೆಯುವುದಿಲ್ಲ, ಬೇಡ. ಕನ್ನಡದಲ್ಲೇ ಮಾತು. ಒಂದು ಮಾತಿಗೆ ಮೂರು ಸಲ ಅಕ್ಕಾ. ‘ಅಕ್ಕಾ, ನಿಮ್ಮಂಥ ಕಲಾವಿದರಿಗೆ ಕೊಡೋದೇ ನಮಗೆ ಖುಷಿ ಅಕ್ಕಾ.’ ಕಲಾವಿದರಂತೆ! ನಾನೂ ಉಬ್ಬಿಹೋದೆ. ಒಬ್ಬ ವಯಸ್ಸಾದವರು ಉದ್ದನೆಯ ಟೇಬಲ್ಲಿನ ಮುಂದೆ ನಿಂತು ಅಚ್ಚಿನ ಬೆನ್ನಿಗೆ ಟಪ್ ಟಪ್ ಅಂತ ಗುದ್ದುವ ವಿಡಿಯೋ ಕಳಿಸಿದರು. ಈಗ ನೋಡಿದರೆ ಆ ವಿಡಿಯೋದಲ್ಲಿರುವುದು ನೀಲಿ ಬಟ್ಟೆ. ನಾನು ಕೇಳಿದ್ದು ಕೆಂಪು. ಆಗ ಅದು ಕಣ್ಣಿಗೇ ಬೀಳಲಿಲ್ಲ.

ನಾನು ಪೂರ್ತಿ ದಡ್ಡಿ ಅಲ್ಲ, ಸ್ಯಾಂಪಲ್ ತರಿಸಿದೆ. ಅರ್ಧ ಮೀಟರ್. ಅದು ನಿಜವಾದ ಮಾಲೇ! ಕಪ್ಪು ಗೆರೆ ಬಟ್ಟೆಯ ಹಿಂದೆವರೆಗೂ ಇಳಿದಿತ್ತು. ಗೇಣಿಗೊಂದು ಕಡೆ ಅಚ್ಚು ಅಚ್ಚಿಗೆ ಕೂಡುವ ಜಾಗದಲ್ಲಿ ಗೆರೆ ಚೂರು ದಪ್ಪ, ಒಂದೊಂದು ಕಡೆ ಒಂದೊಂದು ಥರ. ಮಣ್ಣಿನಂಥ ವಾಸನೆ. ಎರಡು ಸಲ ಒಗೆದೆ, ಬಿಳಿ ಕರ್ಚೀಫಿನ ಜೊತೆ ನೆನೆಸಿಟ್ಟೆ. ಕರ್ಚೀಫ್ ಬಿಳಿಯಾಗೇ ಇತ್ತು. ಸರಿ, ಇದೇ ಬಟ್ಟೆ 22 ಮೀಟರ್ ಕಳಿಸಿ ಅಂದೆ.

‘ಬಿಲ್ ಬೇಕಾ ಅಕ್ಕಾ? ಬಿಲ್ ಅಂದ್ರೆ ಜಿಎಸ್‌ಟಿ 5 ಪರ್ಸೆಂಟ್ ಜಾಸ್ತಿ ಆಗತ್ತೆ. ಬೇಡ ಅಂದ್ರೆ ಹಾಗೇ ಕಳಿಸ್ತೀನಿ.’

ಬೇಡ ಅಂದೆ. 181 ರೂಪಾಯಿ ಉಳಿಯಿತು ಅಂತ ಖುಷಿಪಟ್ಟೆ. ಬೈಯ್ಯುವವರು ಇಲ್ಲೇ ಬೈದುಬಿಡಿ, ನಮ್ಮ ಮನೆಯವರು ಆಗಲೇ ಸಾಕಷ್ಟು ಬೈದಿದ್ದಾರೆ. ಬಟ್ಟೆಗೆ 3630, ಕೊರಿಯರ್‌ಗೆ 350, ಒಟ್ಟು 3980 ಪೂರ್ತಿ ಮೊದಲೇ ಫೋನಿನಲ್ಲಿ ಹಾಕಿದೆ.

ನಾಲ್ಕು ದಿನ ಅಂದಿದ್ದು ಹನ್ನೊಂದು ದಿನಕ್ಕೆ ಬಂತು. ಕೇಳಿದಾಗಲೆಲ್ಲ ‘ಬಗ್ರೂಲಿ ಮಳೆ ಅಕ್ಕಾ, ಬಟ್ಟೆ ಒಣಗ್ತಿಲ್ಲ’. ಮಳೆಗಾಲದಲ್ಲಿ ಅಚ್ಚಿನ ಕೆಲಸ ತಡವಾಗುವುದು ನಿಜ, ಬಟ್ಟೆ ಒಣಗೋಕೆ ಬಿಸಿಲು ಬೇಕು. ಅದಕ್ಕೇ ನಂಬಿದೆ. ಗೃಹಪ್ರವೇಶಕ್ಕೆ ಆರೇ ದಿನ ಉಳಿದಿತ್ತು.

ಕಟ್ಟು ಬಿಚ್ಚಿದ ಕೂಡಲೇ ಸೀಮೆಎಣ್ಣೆ ವಾಸನೆ. ಅಲ್ಲೇ ನನಗೆ ಹೊಳೆಯಬೇಕಿತ್ತು. ಪಿಗ್ಮೆಂಟ್, ಅಂದರೆ ಬಟ್ಟೆಯೊಳಗೆ ಇಳಿಯದೆ ಮೇಲೇ ಅಂಟಿಕೊಳ್ಳುವ ಬಣ್ಣ, ಅದರ ಪೇಸ್ಟಿಗೆ ಸೀಮೆಎಣ್ಣೆ ಹಾಕುವ ರೂಢಿ ಇದೆ ಅಂತ ನನಗೆ ಗೊತ್ತು. ಬಗ್ರೂನ ಹಳೇ ಪದ್ಧತಿಯಲ್ಲಿ ಆ ವಾಸನೆಗೆ ಕೆಲಸವೇ ಇಲ್ಲ. ಅಲ್ಲಿ ಬಟ್ಟೆಯನ್ನು ಅಳಲೆಕಾಯಿ ನೀರಿನಲ್ಲಿ ಅದ್ದುತ್ತಾರೆ, ತುಕ್ಕು ಹಿಡಿದ ಕಬ್ಬಿಣಕ್ಕೆ ಬೆಲ್ಲ ಹಾಕಿ ಕೊಳೆಸಿ ಕಪ್ಪು ಮಾಡುತ್ತಾರೆ, ಕೆಂಪಿಗೆ ಪಟಿಕ ಒತ್ತಿ ಆಮೇಲೆ ಬಣ್ಣದ ನೀರಿನಲ್ಲಿ ಬೇಯಿಸುತ್ತಾರೆ. ಇದೆಲ್ಲ ನಾನೇ ಬೇರೆಯವರಿಗೆ ಹೇಳಿಕೊಡುವ ವಿಷಯ! ಇಷ್ಟು ಕೆಲಸ ಮಾಡಿ 165ಕ್ಕೆ ಹೇಗೆ ಕೊಡುತ್ತಾರೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಬಟ್ಟೆಯ ಹಿಂದೆ ನೋಡಿದರೆ ಬರೀ ಕೆಂಪು, ಪ್ರಿಂಟೇ ಇಲ್ಲ. ‘ಈ ಲಾಟು ಸ್ವಲ್ಪ ದಪ್ಪ ಇರಬೇಕು’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊರಗೆ ಜಿಟಿಜಿಟಿ ಮಳೆ. 22 ಮೀಟರ್ ಒಗೆದು ಎಲ್ಲಿ ಒಣಗಿಸುವುದು? ಸ್ಯಾಂಪಲ್ ಒಗೆದು ನೋಡಿದ್ದೇನಲ್ಲ ಅಂತ ಹಾಗೇ ಕತ್ತರಿ ಹಾಕಿದೆ.

ಮೂರ್ಖಳಾಗಿದ್ದು ಗೊತ್ತಾದ ಗಳಿಗೆ ಇದು. ರಾತ್ರಿ ಹನ್ನೊಂದೂವರೆ. ಕತ್ತರಿಸಿದ ತುಂಡುಗಳನ್ನು ಹಾಲಿನ ನೆಲದ ಮೇಲೆ ಸಾಲಾಗಿ ಹರಡಿದ್ದೆ. ಬಲಗಡೆ ಪಟ್ಟಿಯ ಒಂದು ತುಂಡಿನಲ್ಲಿ ಒಂದು ಹೂವಿನ ಎಸಳು ಪಕ್ಕಕ್ಕೆ ಸರಿದಿತ್ತು. ಅಯ್ಯೋ ಪಾಪ, ಅಚ್ಚು ಒತ್ತುವವರ ಕೈ ತಪ್ಪಿದೆ ಅಂತ ಪ್ರೀತಿಯಿಂದ ಸವರಿದೆ. ಕೈಕೆಲಸದ ಗುರುತು ಅದೇ ಅಲ್ವಾ? ಪಕ್ಕದ ತುಂಡು ನೋಡಿದೆ. ಅಲ್ಲೂ ಅದೇ ಎಸಳು, ಅಷ್ಟೇ ಸರಿದಿದೆ. ಅದರ ಮುಂದಿನದು. ಅದರ ಮುಂದಿನದು. ಆ ಪಟ್ಟಿಯ ಮೂವತ್ತು ತುಂಡಿನಲ್ಲೂ ಅದೇ ತಪ್ಪು! ಒಂದೊಂದರಲ್ಲಿ ಮುಕ್ಕಾಲು ಇಂಚು ಮೇಲೆ ಮೇಲೆ, ಮೆಟ್ಟಿಲು ಹತ್ತಿದ ಹಾಗೆ. ಟೇಪ್ ಹಿಡಿದು ಅಳೆದೆ. ಉಳಿದ ಬಟ್ಟೆಯಲ್ಲೂ ಅಳೆದೆ. 25 ಇಂಚಿಗೆ ಒಂದು ಚೂರು ಜಾಸ್ತಿ, ಮತ್ತೆ ಅದೇ ಎಸಳು. ಮತ್ತೆ 25. ಮತ್ತೆ ಅದೇ.

ಪ್ರಿಂಟಿಂಗ್ ಯೂನಿಟ್ಟಿನಲ್ಲಿ ಕೆಲಸ ಮಾಡಿದ ಪರಿಚಯದವರಿಗೆ ಬೆಳಗಾಗುವುದನ್ನೇ ಕಾದು ಫೋನ್ ಮಾಡಿದೆ. ಅವರು ನಕ್ಕರು. ಮಿಷನ್ನಿನ ರೋಟರಿ ಸ್ಕ್ರೀನ್ ಅಂದರೆ ಒಂದು ಉರುಳೆ, ಸಾಮಾನ್ಯವಾಗಿ ಸುತ್ತಳತೆ 64 ಸೆಂಟಿಮೀಟರ್, ಅಂದರೆ 25 ಇಂಚಿಗೆ ಒಂದು ಚೂರು ಜಾಸ್ತಿ. ಅದು ಒಂದು ಸುತ್ತು ಬಂದಾಗಲೆಲ್ಲ ಅದೇ ಗುರುತು ಬೀಳುತ್ತದೆ. ನಿಜವಾದ ಅಚ್ಚಿನ ಬಟ್ಟೆಯನ್ನೇ ಸ್ಕ್ಯಾನ್ ಮಾಡಿ ಸ್ಕ್ರೀನ್ ಮಾಡಿಸುತ್ತಾರಂತೆ, ತಪ್ಪುಗಳ ಸಮೇತ. ‘ಆ ತಪ್ಪಿಗೇ ನಿಮ್ಮಂಥವರು ದುಡ್ಡು ಕೊಡೋದು’ ಅಂದರು. ಯಾರೋ ಒಬ್ಬರ ಕೈ ಎಲ್ಲೋ ಒಂದು ಸಲ ಜಾರಿದ್ದನ್ನೂ ಕದ್ದು ಮಿಷನ್ನಿಗೆ ಹಾಕಿದ್ದಾರಲ್ಲ! ನನಗೆ ಈಗಲೂ ಮೈ ಉರಿಯುವುದು ಅದಕ್ಕೇ.

ಫೋಟೋ ತೆಗೆದು, ಟೇಪ್ ಇಟ್ಟು ಅಳತೆ ತೋರಿಸಿ ಕಳಿಸಿದೆ. ಬಂದ ಉತ್ತರ ನೋಡಿ:

‘ಒಬ್ಬನೇ ಕಾರಿಗರ್ ಅಕ್ಕಾ. ಅವನ ಕೈ ಹಾಗೇನೇ.’

25 ಇಂಚಿಗೊಮ್ಮೆ, ಕೂದಲೆಳೆ ಆಚೀಚೆ ಆಗದ ಹಾಗೆ, 22 ಮೀಟರಿನಲ್ಲೂ ಒಂದೇ ಕಡೆ ಕೈ ಜಾರುವ ಕಾರಿಗರ್! ಇಲ್ಲಿಂದ ಮುಂದೆ ನಾನು ಬಟ್ಟೆ ಮಾರಿದ ಆ ಮನುಷ್ಯನಿಗೆ ಬಹುವಚನ ಕೊಡುವುದಿಲ್ಲ, ಕ್ಷಮಿಸಿ.

ಈಗ ನಾನು ನಾಚಿಕೊಳ್ಳಬೇಕಾದ ಭಾಗ. ಗೊತ್ತಾದ ಮೇಲಾದರೂ ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಐದು ದಿನ ಇತ್ತು, ಬೇರೆ ಬಟ್ಟೆ ಎಲ್ಲಿಂದ ತರುವುದು? ಮಿಷನ್ ಪ್ರಿಂಟಾದರೇನು, ನೋಡೋಕೆ ಚೆನ್ನಾಗೇ ಇದೆಯಲ್ಲ ಅಂತ ಬಾಯಿ ಮುಚ್ಚಿಕೊಂಡು ಹೊಲಿದೆ. ದಾರ ಪೋಣಿಸಿ, ತುದಿಗೆ ಮಣಿ ಕಟ್ಟಿ, 120 ಚೀಲ. ನಾಲ್ಕು ರಾತ್ರಿ. ಗೃಹಪ್ರವೇಶದ ಮನೆಯಲ್ಲಿ ತಂಗಿ ಎಲ್ಲರಿಗೂ ‘ಹ್ಯಾಂಡ್ ಬ್ಲಾಕ್, ನಮ್ಮಕ್ಕಾನೇ ಮಾಡಿದ್ದು’ ಅಂತ ಹೇಳುತ್ತಿದ್ದಳು. ನಾನು ಹೂಂ ಅಂತ ನಗುತ್ತಾ ನಿಂತಿದ್ದೆ.

ತಾಂಬೂಲದ ಚೀಲದಲ್ಲಿ ಏನೇನು ಇರುತ್ತದೆ ಅಂತ ನಿಮಗೇ ಗೊತ್ತು. ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಬ್ಲೌಸ್ ಪೀಸು. ಎಲೆ ಬಾಡಬಾರದು ಅಂತ ನೀರು ಚಿಮುಕಿಸಿ ಇಟ್ಟಿರುತ್ತಾರೆ. ಅಷ್ಟು ತೇವ ಸಾಕಾಯಿತು. ಅರ್ಧ ಗಂಟೆಯಲ್ಲಿ ಚೀಲದ ಅಡಿಯಿಂದ ಕೆಂಪು ಇಳಿಯೋಕೆ ಶುರು. ಮೊದಲು ಒಬ್ಬರು ‘ಕುಂಕುಮ ಚೆಲ್ಲಿದೆ ಅಂತ ಕಾಣತ್ತೆ’ ಅಂದರು. ಆಮೇಲೆ ಇನ್ನೊಬ್ಬರ ಕೈ ನೋಡಿದರೆ ಮದರಂಗಿ ಹಚ್ಚಿದ ಹಾಗೆ. ಬ್ಲೌಸ್ ಪೀಸುಗಳ ಮೇಲೆಲ್ಲ ಕಲೆ. ತಂಗಿಯ ಅತ್ತೆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕೆನೆ ಬಣ್ಣದ ಮೈಸೂರು ಸಿಲ್ಕ್. ಅವರು ಎದ್ದು ನಿಂತಾಗ ನೆರಿಗೆಯ ಮೇಲೆ ಅಂಗೈ ಅಗಲ ಕೆಂಪು.

ಅವರು ಬೈದಿದ್ದರೆ ಚೆನ್ನಾಗಿತ್ತು. ‘ಹೋಗ್ಲಿ ಬಿಡಮ್ಮ, ನೀನೇನು ಬೇಕಂತ ಮಾಡಿದ್ಯಾ’ ಅಂದರು. ನನಗೆ ಊಟ ಸೇರಲಿಲ್ಲ.

ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಆಗ ಬಂದಿದ್ದೇ ಆ ಮಾತು. ‘ನ್ಯಾಚುರಲ್ ಡೈ ಅಂದ್ಮೇಲೆ ಬಿಡತ್ತೆ ಅಕ್ಕಾ. ಬಣ್ಣ ಬಿಟ್ರೇನೇ ಒರಿಜಿನಲ್ ಅಕ್ಕಾ.’ ಹಾಗಾದರೆ ಸ್ಯಾಂಪಲ್ ಯಾಕೆ ಬಿಡಲಿಲ್ಲ ಅಂತ ಕೇಳಿದೆ. ‘ಉಪ್ಪು ಹಾಕಿ ರಾತ್ರಿ ನೆನೆಸಿದ್ರಾ?’ ಅಂದ. ಮನೆಗೆ ಬಂದು ಉಳಿದ ಬಟ್ಟೆಯಲ್ಲಿ ಅದನ್ನೂ ಮಾಡಿ ನೋಡಿದೆ. ಏಳು ಬಕೆಟ್ ನೀರು. ಏಳನೆಯದೂ ಕೆಂಪು. ಸರಿಯಾಗಿ ಕೂರಿಸದ ಬಣ್ಣವನ್ನು ಉಪ್ಪು ಎಲ್ಲಿ ಹಿಡಿಯುತ್ತದೆ?

ದುಡ್ಡು ವಾಪಸ್ ಕೊಡು ಅಂದ ಕೂಡಲೇ ಅಕ್ಕ ಹೋಗಿ ಮೇಡಂ ಆದೆ. ‘ಕಟ್ ಮಾಡಿದ ಬಟ್ಟೆ ವಾಪಸ್ ತಗೊಳಲ್ಲ ಮೇಡಂ.’ ಕತ್ತರಿಸದೆ ಚೀಲ ಹೇಗೆ ಹೊಲಿಯುವುದು? ‘ಒಗೆಯದೆ ಹೊಲಿದಿದ್ದು ನಿಮ್ಮ ತಪ್ಪು ಮೇಡಂ.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ನಿಜ ಹೇಳಬೇಕಲ್ಲ. ಆಮೇಲೆ ‘ಮುಂದಿನ ಆರ್ಡರ್‌ಗೆ 100 ರೂಪಾಯಿ ಕಮ್ಮಿ ಮಾಡ್ತೀನಿ’ ಅಂದ. ಮುಂದಿನ ಆರ್ಡರಂತೆ!

ಕೊನೆಗೆ ಒಂದು ವಾಯ್ಸ್ ಮೆಸೇಜು. ಅದನ್ನು ನಾನು ಅಳಿಸಿಲ್ಲ. ‘ನೋಡಿ ಮೇಡಂ, ನಾವು ದೊಡ್ಡ ದೊಡ್ಡ ಬೊಟಿಕ್‌ಗಳಿಗೆ ಕೊಡ್ತೀವಿ. ಅವರ್ಯಾರೂ ಏನೂ ಹೇಳಲ್ಲ. ನೀವು ಮನೇಲಿ ಟೈಮ್‌ಪಾಸಿಗೆ ಮಾಡೋರು, 22 ಮೀಟರ್‌ಗೆ ಇಷ್ಟೆಲ್ಲ ಮಾತಾಡ್ತೀರಲ್ಲ.’ ಮಾತಾಡಿ ಬ್ಲಾಕ್ ಮಾಡಿದ. ಅವನ ಹತ್ತಿರ ಇದ್ದ ಒಂದೇ ನಿಜವಾದ ಬ್ಲಾಕು ಅದು.

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿದೆ. ದೂರು ಬರೆದುಕೊಂಡರು. ಬಿಲ್ ಇದೆಯಾ ಅಂತ ಕೇಳಿದರು. ಇಲ್ಲ. ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಚಾಟು, ಆ ವಾಯ್ಸ್ ಮೆಸೇಜು ಇದೆ. ನೋಡೋಣ ಏನಾಗುತ್ತದೋ. ತಂಗಿಯಿಂದ ಬಾಕಿ 5800 ತೆಗೆದುಕೊಳ್ಳಲಿಲ್ಲ. ಮುಂಗಡವನ್ನೂ ವಾಪಸ್ ಹಾಕಿದೆ, ಅವಳು ಬೇಡ ಬೇಡ ಅಂದಳು. ಸೀರೆಯನ್ನು ಮೈಸೂರಿಗೆ ತಂದು ಡ್ರೈಕ್ಲೀನ್‌ಗೆ ಕೊಟ್ಟೆ. ಕಲೆ ಮಾಸಿದೆ, ಹೋಗಿಲ್ಲ.

ನೀವಾದರೂ ಹೀಗೆ ಮಾಡಿ. ಸ್ಯಾಂಪಲ್ ಒಗೆದರೆ ಸಾಲದು, ಬಂದ ಥಾನಿನದೇ ತುದಿ ಕತ್ತರಿಸಿ ಬಿಳಿ ಬಟ್ಟೆಯ ಜೊತೆ ನೆನೆಸಿ. ಆಮೇಲೆ ಕತ್ತರಿ. ಮಳೆ ಇದ್ದರೂ ಸರಿ, ಫ್ಯಾನ್ ಕೆಳಗೆ ಒಣಗಿಸಿ. ಬಟ್ಟೆಯನ್ನು ಎರಡು ಮೀಟರ್ ಬಿಚ್ಚಿ ಹಾಸಿ ತಪ್ಪು ಹುಡುಕಿ. ಅದೇ ತಪ್ಪು 25 ಇಂಚಿಗೆ ಮತ್ತೆ ಸಿಕ್ಕಿದರೆ ಮುಟ್ಟದೆ ವಾಪಸ್ ಕಳಿಸಿ. ಹಿಂಭಾಗ ನೋಡಿ, ಮೂಸಿ ನೋಡಿ. ಬಿಲ್ ತೆಗೆದುಕೊಳ್ಳಿ, ಬಿಲ್ ತೆಗೆದುಕೊಳ್ಳಿ, ಬಿಲ್ ತೆಗೆದುಕೊಳ್ಳಿ. ಮಿಷನ್ ಪ್ರಿಂಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಾನೂ ಎಷ್ಟೋ ಸಲ ಬಳಸಿದ್ದೇನೆ. ಮಿಷನ್ನಿನದು ಅಂತ ಹೇಳಿ ಮಾರಲಿ. ಮತ್ತೆ, ಮೂರು ಸಲ ಅಕ್ಕಾ ಅನ್ನುವವರ ಹತ್ತಿರ ನಾನಂತೂ ಇನ್ನು ದಾರವನ್ನೂ ಕೊಳ್ಳುವುದಿಲ್ಲ.

ಎರಡು ಮೀಟರ್ ಬಟ್ಟೆ ಇನ್ನೂ ಉಳಿದಿದೆ. ನೆಲ ಒರೆಸುವುದಕ್ಕಾದರೂ ಆಗುತ್ತದೆ ಅಂತ ನಿನ್ನೆ ಒಂದು ತುಂಡು ಹರಿದುಕೊಟ್ಟೆ. ಕೆಲಸದ ಲಕ್ಷ್ಮಮ್ಮ ಅರ್ಧ ಹಾಲ್ ಒರೆಸಿ ಕರೆದರು. ‘ಅಮ್ಮಾ, ಇದೇನಮ್ಮಾ, ಒರೆಸಿದಷ್ಟೂ ಕೆಂಪಾಗ್ತಿದೆ?’