ಆರ್‌ಎಕ್ಸ್ 100 ಹೆಡ್ಡಿಗೆ ಓ-ರಿಂಗೋ ತಾಮ್ರದ ಪ್ಯಾಕಿಂಗೋ: ಐದು ವರ್ಷ ಬಳಸಿದ ಮೇಲೆ

ನನ್ನ 1994ರ ಯಮಹಾ ಆರ್‌ಎಕ್ಸ್ 100ರ ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತುವ ಪ್ರಮಾಣ) ಹೆಚ್ಚಿಸಿದ ಮೇಲೆ, ಸಿಲಿಂಡರಿನ ಮುಚ್ಚಳವಾದ ಹೆಡ್ಡಿನಡಿ ಸೋರಿಕೆ ತಡೆಯುವ ಕಂಪನಿಯ ಅಲ್ಯೂಮಿನಿಯಂ ಪ್ಯಾಕಿಂಗ್ (ಗ್ಯಾಸ್ಕೆಟ್) ಒಂದು ಸೀಸನ್ನೂ ತಡೆಯಲಿಲ್ಲ. ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ವ್ಯಾಸ 50 ಮಿ.ಮೀ. ಇರುವುದರಿಂದ, ಪ್ಯಾಕಿಂಗ್ ಅರ್ಧ ಮಿ.ಮೀ. ತೆಳುವಾದರೆ ದಹನಕೋಣೆ ಹೆಚ್ಚುಕಡಿಮೆ 1 ಸಿಸಿಯಷ್ಟು ಕುಗ್ಗುತ್ತದೆ. ಕೋಣೆ 10 ಸಿಸಿಯಿಂದ 9ಕ್ಕೆ ಇಳಿದರೆ ಕಂಪ್ರೆಷನ್ ಅನುಪಾತ 10.8ರಿಂದ 11.9ಕ್ಕೆ ಏರುತ್ತದೆ. ಆದ್ದರಿಂದ ಪ್ಯಾಕಿಂಗ್ ಆಯ್ಕೆ ಸೋರಿಕೆಯೊಂದರ ಪ್ರಶ್ನೆಯಲ್ಲ; ಅದರ ದಪ್ಪವೂ ಟ್ಯೂನಿಂಗಿನ ಭಾಗವೇ.

ಮೊದಲು ಪ್ಯಾಕಿಂಗಿನ ಬದಲು ಹಾಕುವ ರಬ್ಬರ್ ಬಳೆಗೆ, ಅಂದರೆ ಓ-ರಿಂಗಿಗೆ ಮನಸೋತೆ. ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ ಹೆಡ್ಡಿನ ಮುಖಕ್ಕೆ ಗಾಡಿ (ರಿಂಗ್ ಕೂರುವ ಸಣ್ಣ ಕಾಲುವೆ) ಕೊರೆಸಿ, ವೈಟಾನ್ ಎಂಬ ಶಾಖ ತಾಳುವ ರಬ್ಬರಿನ ರಿಂಗ್ ಕೂರಿಸಿದೆ. ಇದರ ಅನುಕೂಲ ನಿಜವಾದದ್ದು: ಲೋಹಕ್ಕೆ ಲೋಹ ನೇರವಾಗಿ ಕೂರುವುದರಿಂದ ಸ್ಕ್ವಿಷ್ ಅಂತರ (ಪಿಸ್ಟನ್ ತುದಿಗೇರಿದಾಗ ಅದರ ಅಂಚಿಗೂ ಹೆಡ್ಡಿಗೂ ಉಳಿಯುವ ಸಂದು) ಬದಲಾಗುವುದಿಲ್ಲ, ನಟ್ಟುಗಳನ್ನು ಮತ್ತೆ ಮತ್ತೆ ಬಿಗಿಯುವ ಕೆಲಸವಿಲ್ಲ, ಮೇಲಾಗಿ ಒಳಗಿನ ಒತ್ತಡವೇ ರಿಂಗನ್ನು ಗಾಡಿಯ ಗೋಡೆಗೆ ಒತ್ತಿ ಇನ್ನಷ್ಟು ಬಿಗಿಗೊಳಿಸುತ್ತದೆ. ಆದರೆ ಗಾಡಿಯ ಆಳ ಕರಾರುವಾಕ್ಕಾಗಿರಬೇಕು. ರಬ್ಬರ್ ಆಕಾರ ಬದಲಿಸುತ್ತದೆಯೇ ಹೊರತು ಗಾತ್ರದಲ್ಲಿ ಕುಗ್ಗುವುದಿಲ್ಲವಾದ್ದರಿಂದ, ಹಿಗ್ಗಲು ಜಾಗವಿರದಿದ್ದರೆ ಹೆಡ್ ಸರಿಯಾಗಿ ಕೂರುವುದೇ ಇಲ್ಲ.

ಸುಮಾರು ನಾಲ್ಕು ಸಾವಿರ ಕಿ.ಮೀ. ಯಾವ ತೊಂದರೆಯೂ ಇರಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಇಬ್ಬರು ಕೂತು, ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ತಲುಪುವಷ್ಟರಲ್ಲಿ, ಹೆಡ್ಡಿನ ಮುಂಭಾಗದಿಂದ ಚಿಟ್‌ಚಿಟ್ ಎಂಬ ಸದ್ದು ಕೇಳತೊಡಗಿತು. ಮನೆಗೆ ಬಂದು ಸೋಪಿನ ನೀರು ಸಿಂಪಡಿಸಿ ಕಿಕ್ ಹೊಡೆದಾಗ ಸೈಲೆನ್ಸರ್ ಬದಿಯಲ್ಲೇ ಗುಳ್ಳೆಗಳೆದ್ದವು. ಬಿಚ್ಚಿ ನೋಡಿದರೆ ರಿಂಗಿನ ಹಿಂಬದಿ ಹೊಸದರಂತೆಯೇ ದುಂಡಗೆ, ಮುಂಬದಿ ಮಾತ್ರ ಚಪ್ಪಟೆಯಾಗಿ ಬಳಪದಂತೆ ಗಟ್ಟಿಯಾಗಿತ್ತು. ಬಗ್ಗಿಸಿದಾಗ ಲಟಕ್ಕನೆ ಮುರಿಯಿತು. ವೈಟಾನ್ ಸತತವಾಗಿ ತಾಳಬಲ್ಲದ್ದು ಸುಮಾರು 200 ಡಿಗ್ರಿ ಸೆಲ್ಸಿಯಸ್. ಗಾಳಿಯಿಂದಲೇ ತಣಿಯುವ ಇಂಜಿನ್ನಿನಲ್ಲಿ ನಿಧಾನಗತಿಯ ಏರುದಾರಿ ಆ ಮಿತಿಯನ್ನು ಪರೀಕ್ಷಿಸುತ್ತದೆ. ಲೇತ್‌ನವರ ಕೆಲಸದಲ್ಲಿ ದೋಷವಿರಲಿಲ್ಲ. ಒತ್ತಡದ ಲೆಕ್ಕವನ್ನಷ್ಟೇ ಹಾಕಿ ಶಾಖದ ಲೆಕ್ಕ ಬಿಟ್ಟದ್ದು ನಾನು.

ಅಲ್ಲಿಂದೀಚೆಗೆ ತಾಮ್ರದ ಪ್ಯಾಕಿಂಗ್. ಹಾಕುವ ಮೊದಲು ಅದನ್ನು ಗ್ಯಾಸ್ ಒಲೆಯ ಮೇಲೆ ಮಂಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಅದ್ದಬೇಕು. ಕಪ್ಪು ಹೊಪ್ಪಳೆ ಉದುರಿ ತಾಮ್ರ ಮೆತ್ತಗಾಗುತ್ತದೆ. (ಅಡುಗೆಮನೆಯ ಇಕ್ಕಳವನ್ನು ಈ ಕೆಲಸಕ್ಕೆ ಬಳಸಿದ್ದರ ಬಗ್ಗೆ ಮನೆಯಲ್ಲಿ ಇನ್ನೂ ಅಸಮಾಧಾನವಿದೆ.) ಹಾಕಿದ ಮೇಲೆ ಇಂಜಿನ್ ಮೊದಲ ಸಲ ಕಾದು ಪೂರ್ತಿ ತಣಿದಾಗ ನಟ್ಟುಗಳನ್ನು ಒಂದಕ್ಕೊಂದು ಎದುರಾದ ಕ್ರಮದಲ್ಲಿ, ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ಬಿಗಿಯಲೇಬೇಕು. ಇದನ್ನು ಒಮ್ಮೆ ಮರೆತಾಗ ಹೆಡ್ಡಿನ ಸಂದಿನಲ್ಲಿ ಎಣ್ಣೆಮಸಿಯ ಗೆರೆ ಮೂಡಿತ್ತು. ಮೆತ್ತಗೆ ಮಾಡಿಕೊಂಡು ಒಂದೇ ಪ್ಯಾಕಿಂಗನ್ನು ಮೂರು ಸಲ ಬಳಸಿದ್ದೇನೆ. ಪ್ರತಿ ಸಲವೂ ಪ್ಲಗ್ಗಿನ ತೂತಿನಿಂದ ಮೆತ್ತನೆಯ ಬೆಸುಗೆ (ಸೋಲ್ಡರ್) ತಂತಿ ತೂರಿಸಿ, ಪಿಸ್ಟನ್ ಒತ್ತಿ ಚಪ್ಪಟೆಯಾದ ಅದರ ದಪ್ಪದಿಂದ ಸ್ಕ್ವಿಷ್ ಅಳೆಯುವುದು ಒಳ್ಳೆಯದು.

ನೀರಿನಿಂದ ತಣಿಯುವ ರೇಸ್ ಟೂ-ಸ್ಟ್ರೋಕಿಗೆ ನಾನು ಇಂದಿಗೂ ಓ-ರಿಂಗನ್ನೇ ಹೇಳುತ್ತೇನೆ. ಆಯಿಲ್, ಕೂಲಂಟ್ ದಾರಿಗಳಿರುವ ಫೋರ್-ಸ್ಟ್ರೋಕಿಗೆ ಉಕ್ಕಿನ ಪದರಗಳ ಎಂಎಲ್‌ಎಸ್ ಗ್ಯಾಸ್ಕೆಟ್ಟೇ ಸರಿ. ಡ್ರ್ಯಾಗ್ (ನೇರ ದಾರಿಯ ಚಿಕ್ಕ ಓಟದ) ರೇಸಿನ ಇಂಜಿನ್ನುಗಳಲ್ಲಿ ತಾಮ್ರದ ಪ್ಯಾಕಿಂಗ್ ಜೊತೆ ಗಾಡಿಯಲ್ಲಿ ಉಕ್ಕಿನ ತಂತಿ ಕೂರಿಸುವುದಕ್ಕೂ ಓ-ರಿಂಗ್ ಎಂದೇ ಹೆಸರು. ಲೇತ್‌ನವರಿಗೆ ಹೇಳುವಾಗ ಯಾವುದು ಬೇಕೆಂದು ಬಿಡಿಸಿ ಹೇಳಿ. ಒಮ್ಮೆ ಕೊರೆದ ಗಾಡಿಯನ್ನು ಅಳಿಸಲಾಗದು. ನಾನು ತಾಮ್ರಕ್ಕೆಂದು ಬೇರೆ ಹೆಡ್ಡನ್ನೇ ಕೊಳ್ಳಬೇಕಾಯಿತು, ಹಳೆಯದು ಪೆಟ್ಟಿಗೆಯಲ್ಲಿದೆ.